ಛೆಟ್ರಿ ಇಷ್ಟೊಂದು ಕ್ಲಬ್ ಯಾಕೆ ಬದಲಿಸಿದರು?

ಪ್ರಶ್ನೆ: ಸರ್, ಬೆಂಗಳೂರು ಎಫ್‌ಸಿ ಫುಟ್ಬಾಲ್ ಕ್ಲಬ್ಬಿಗೆ ಬರುವ ಮೊದಲು ಸುನಿಲ್ ಛೆಟ್ರಿ ಎಷ್ಟೊಂದು ಕ್ಲಬ್ ಬದಲಿಸಿದ್ದಾರೆ! ಅವರೇ ಎಲ್ಲೂ ನಿಲ್ಲಲಿಲ್ವಾ, ಯಾರೂ ಇಟ್ಟುಕೊಳ್ಳಲಿಲ್ವಾ? ನಾನೂ ಸ್ಟ್ರೈಕರ್, ಮುಂದೆ ನಿಂತು ಗೋಲು ಹೊಡೆಯುವವನು. ಗೋವಾದ ಒಂದು ಕ್ಲಬ್ಬಿನ ಜೂನಿಯರ್ ಟೀಮಿನವರು ಕರೆದಿದ್ದಾರೆ. ‘ಇವತ್ತು ಅಲ್ಲಿ, ನಾಳೆ ಇನ್ನೆಲ್ಲೋ, ಅದೊಂದು ಬದುಕಾ’ ಅಂತ ಆಯಿ ಬೇಡ ಅಂತಿದ್ದಾಳೆ.
(ಸದಾಶಿವಗಡದ ಪಿಯುಸಿ ಹುಡುಗ)

ತಮಾ, ಈ ಪ್ರಶ್ನೆ ಕಾರವಾರದ ಬೀಚಿನಲ್ಲಿ ಸಂಜೆ ಚೆಂಡು ಒದೆಯುವ ಹುಡುಗರೂ ಕೇಳುತ್ತಾರೆ, ಶಿರಸಿಯವರೂ ಕೇಳುತ್ತಾರೆ. ದುಡ್ಡಿಗಾಗಿ ಅಂತ ಒಬ್ಬರು ಹೇಳುತ್ತಾರೆ, ಆಗ ಅವರು ಅಷ್ಟೇನೂ ಚೆನ್ನಾಗಿ ಆಡ್ತಿರಲಿಲ್ಲ ಅಂತ ಇನ್ನೊಬ್ಬರು. ನನಗೆ ಎರಡೂ ಸರಿ ಅನಿಸುವುದಿಲ್ಲ. ಛೆಟ್ರಿ ಹುಡುಕುತ್ತಿದ್ದದ್ದು ಗೋಲಿನ ಎದುರಿನ ಒಂದು ಜಾಗವನ್ನು. ಆ ಕಾಲದಲ್ಲಿ ಅದು ನಮ್ಮ ದೇಶದ ಸ್ಟ್ರೈಕರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ.

ಮೊದಲು ಲೆಕ್ಕ ನೋಡೋಣ. 2002ರಲ್ಲಿ, ಇನ್ನೂ 18 ತುಂಬದ ವಯಸ್ಸಿಗೆ, ದೆಹಲಿಯಿಂದ ಕೋಲ್ಕತ್ತದ ಮೋಹನ್ ಬಾಗಾನ್‌ಗೆ ಹೋದರು. 2005ರಲ್ಲಿ ಪಂಜಾಬಿನ ಜೆಸಿಟಿ. 2008ರಲ್ಲಿ ಮತ್ತೆ ಕೋಲ್ಕತ್ತ, ಈ ಸಲ ಈಸ್ಟ್ ಬೆಂಗಾಲ್. 2009ರಲ್ಲಿ ಗೋವಾದ ಡೆಂಪೊ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಝರ್ಡ್ಸ್. 2011ರಲ್ಲಿ ಚಿರಾಗ್ ಯುನೈಟೆಡ್, ಅದೇ ವರ್ಷ ಮತ್ತೆ ಮೋಹನ್ ಬಾಗಾನ್. 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್. 2013ರ ಆರಂಭದಲ್ಲಿ ಅಲ್ಲಿಂದ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ, ಗೋವಾದ ಚರ್ಚಿಲ್ ಬ್ರದರ್ಸ್. ಹನ್ನೊಂದು ವರ್ಷದಲ್ಲಿ ಎಂಟು ಕ್ಲಬ್ಬು, ಅದರಲ್ಲಿ ಒಂದಕ್ಕೆ ಎರಡು ಸಲ. ಆಮೇಲೆ ಬೆಂಗಳೂರು.

ಇದನ್ನು ನಮ್ಮ ಜಿಲ್ಲೆಯವರಿಗೆ ಅರ್ಥ ಮಾಡಿಸಲು ನನಗೆ ಯಕ್ಷಗಾನವೇ ನೆನಪಾಗುತ್ತದೆ. ಮಳೆಗಾಲದಲ್ಲಿ ಮಾತುಕತೆ, ದೀಪಾವಳಿ ಕಳೆದ ಮೇಲೆ ತಿರುಗಾಟ. ಒಬ್ಬ ಒಳ್ಳೆಯ ವೇಷಧಾರಿ ಈ ವರ್ಷ ಒಂದು ಮೇಳ, ಮುಂದಿನ ವರ್ಷ ಇನ್ನೊಂದು ಮೇಳ. ಅದಕ್ಕೆ ಯಾರೂ ಅವನನ್ನು ಚಂಚಲ ಅನ್ನುವುದಿಲ್ಲ. ಯಾಕೆ ಹೋದ ಅಂತ ನಮಗೆ ಗೊತ್ತಿರುತ್ತದೆ. ಮುಖ್ಯ ವೇಷಕ್ಕೆ ಅಲ್ಲಿ ಆಗಲೇ ಇನ್ನೊಬ್ಬರಿದ್ದರು. ಅಥವಾ ಯಜಮಾನರು ಮೇಳ ನಿಲ್ಲಿಸಿದರು. ಅಥವಾ ಭಾಗವತರಿಗೂ ಇವನಿಗೂ ಹೊಂದಲಿಲ್ಲ. ಫುಟ್ಬಾಲಿನ ಸ್ಟ್ರೈಕರ್ ಕತೆಯೂ ಹೆಚ್ಚುಕಡಿಮೆ ಇದೇ.

ಮುಖ್ಯ ವೇಷದ ವಿಷಯ ತಗೋ. ಆಗ ದೇಶದ ದೊಡ್ಡ ಕ್ಲಬ್ಬುಗಳು ಆಡುತ್ತಿದ್ದ ಐ-ಲೀಗ್ 2007ರಲ್ಲಿ ಶುರುವಾಯಿತು. ಮೊದಲ ಮೂರು ಸೀಸನ್ ಅತಿ ಹೆಚ್ಚು ಗೋಲು ಹೊಡೆದವರು ಚರ್ಚಿಲ್ ಬ್ರದರ್ಸ್‌ನ ಒಡಾಫಾ ಒಕೋಲಿ. ನಂತರದ ಮೂರು ಸೀಸನ್ ರಂಟಿ ಮಾರ್ಟಿನ್ಸ್. ಇಬ್ಬರೂ ನೈಜೀರಿಯಾದವರು. ಮೋಹನ್ ಬಾಗಾನ್‌ನಲ್ಲಿ ಬ್ರೆಜಿಲ್‌ನ ಬರೆಟೊ ಅಂದರೆ ಜನರಿಗೆ ದೇವರು. ಇದು ಆಕಸ್ಮಿಕ ಅಲ್ಲ. ಕ್ಲಬ್ಬಿಗೆ ಇಷ್ಟೇ ವಿದೇಶಿ ಆಟಗಾರರು ಅಂತ ಕೋಟಾ ಇತ್ತು. ಆ ಕೆಲವೇ ಜಾಗವನ್ನು ಯಾವುದಕ್ಕೆ ಬಳಸುವುದು? ಗೋಲು ಹೊಡೆಯುವವನನ್ನು ತರಲು ತಾನೆ? ಫುಟ್ಬಾಲಿನಲ್ಲಿ ಅತಿ ಅಪರೂಪದ್ದು ಗೋಲು, ಅದಕ್ಕೇ ದುಡ್ಡೂ ಜಾಸ್ತಿ. ಹಾಗಾಗಿ ದೇಶದ ದೊಡ್ಡ ಕ್ಲಬ್ಬುಗಳಲ್ಲಿ ಗೋಲಿನ ಎದುರಿನ ಜಾಗ ವಿದೇಶದವರದ್ದಾಯಿತು. ನಮ್ಮ ಹುಡುಗರು ಪಕ್ಕಕ್ಕೆ ಸರಿದು ವಿಂಗ್‌ನಲ್ಲಿ ಓಡಬೇಕಾಯಿತು, ಇಲ್ಲವೇ ಬೆಂಚಿನಲ್ಲಿ ಕೂರಬೇಕಾಯಿತು. ಡೆಂಪೊಗೆ ಛೆಟ್ರಿ ಬಂದಾಗ ಅಲ್ಲಿ ರಂಟಿ ಇದ್ದರು. ಮತ್ತೆ ಬಾಗಾನ್‌ಗೆ ಹೋದಾಗ ಅಲ್ಲಿಗೆ ಒಡಾಫಾ ಬಂದಿದ್ದರು.

ಇದು ನಮ್ಮ ಫುಟ್ಬಾಲಿಗೆ ಆದ ದೊಡ್ಡ ನಷ್ಟ. ಛೆಟ್ರಿ ನಂತರ ಯಾರು ಅಂತ ಇವತ್ತು ಎಲ್ಲರೂ ಚಿಂತೆ ಮಾಡುತ್ತಾರಲ್ಲ, ಆ ಚಿಂತೆಯ ಬೇರು ಇಲ್ಲೇ ಇದೆ.

ಎರಡನೇ ಕಾರಣ, ಯಜಮಾನರು. ಆಗಿನ ಕ್ಲಬ್ಬುಗಳಲ್ಲಿ ಹಲವು ಕಂಪನಿಗಳ ಕ್ಲಬ್ಬು. ಜೆಸಿಟಿ ಬಟ್ಟೆ ಗಿರಣಿಯದ್ದು. ಡೆಂಪೊ ಗೋವಾದ ಗಣಿ ವ್ಯವಹಾರದ ಮನೆತನದ್ದು. ಮಾಲೀಕರ ಮನಸ್ಸು ಬದಲಾದರೆ ಟೀಮೇ ಇಲ್ಲ. ಮುಂಬೈನ ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು. ಜೆಸಿಟಿ 2011ರಲ್ಲಿ. ಐ-ಲೀಗ್‌ನಿಂದ ಡೆಂಪೊ 2016ರಲ್ಲಿ ಹೊರಬಂತು. ಆಟಗಾರರ ಕರಾರೂ ಬಹಳ ಸಲ ಒಂದು ವರ್ಷದ್ದು, ಎರಡು ವರ್ಷದ್ದು. ಇಂಥ ಕಡೆ ಹತ್ತು ವರ್ಷ ಒಂದೇ ಕ್ಲಬ್ಬಿನಲ್ಲಿ ಇರ್ತೀನಿ ಅಂತ ಯಾರು ತಾನೆ ಹೇಳಲು ಸಾಧ್ಯ?

ಆದರೂ ಜೆಸಿಟಿಯ ಮೂರು ವರ್ಷ ಛೆಟ್ರಿಗೆ ದೊಡ್ಡ ಕೊಡುಗೆ. ಕೋಲ್ಕತ್ತದ ಲಕ್ಷ ಕಣ್ಣುಗಳ ಒತ್ತಡ ಅಲ್ಲಿರಲಿಲ್ಲ. ಪ್ರತಿ ವಾರ ಆಡಲು ಸಿಕ್ಕಿತು. ಅವರು ದೇಶದ ತಂಡಕ್ಕೆ ಬೆಳೆದದ್ದು ಆ ಹೊತ್ತಿನಲ್ಲೇ. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ, ಅದರಲ್ಲೇ ಮೊದಲ ಗೋಲು. 2008ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್, ತಜಿಕಿಸ್ತಾನದ ವಿರುದ್ಧ ಹ್ಯಾಟ್ರಿಕ್. 4-1ರಲ್ಲಿ ಗೆದ್ದ ಆ ಪಂದ್ಯದಿಂದಲೇ ಭಾರತ 2011ರ ಏಷ್ಯಾ ಕಪ್‌ಗೆ ಹೋಯಿತು. ಅದಕ್ಕೂ ಮೊದಲು ಏಷ್ಯಾ ಕಪ್ ಆಡಿದ್ದು 1984ರಲ್ಲಿ, ಛೆಟ್ರಿ ಹುಟ್ಟಿದ ವರ್ಷ! ಹೆಸರಿಲ್ಲದ ಊರಿನ ಮೈದಾನದಲ್ಲಿ ಪೂರ್ತಿ 90 ನಿಮಿಷ ಆಡುವುದು, ಹೆಸರುವಾಸಿ ಕ್ಲಬ್ಬಿನ ಬೆಂಚಿಗಿಂತ ಎಷ್ಟೋ ಮೇಲು ಅಂತ ನಾನು ನಂಬಿದ್ದೇನೆ.

ಇನ್ನು ವಿದೇಶದ ಕತೆ. ಇದನ್ನು ಕೇಳಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಮೂರು ವರ್ಷದ ಕರಾರಿಗೆ ಒಪ್ಪಿತ್ತು. ಆದರೆ ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಆಟಗಾರನ ದೇಶ ಫಿಫಾ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕು ಅಂತ ಆಗ ಅಲ್ಲಿಯ ನಿಯಮ. ಭಾರತ ನೂರರ ಆಚೆ ಇತ್ತು. ಹುಡುಗ ಚೆನ್ನಾಗಿದ್ದಾನೆ, ಕ್ಲಬ್ಬಿಗೆ ಬೇಕು, ಆದರೂ ಅವನ ದೇಶದ ನಂಬರ್ ಅಡ್ಡ ಬಂತು.

ಅದಾದ ಮೇಲೆ ಡೆಂಪೊ. ಆ ಸೀಸನ್ನಿನ ಐ-ಲೀಗ್ ಡೆಂಪೊ ಗೆದ್ದಿತು. ಅದು ಮುಗಿಯುವ ಮೊದಲೇ, 2010ರ ಮಾರ್ಚ್‌ನಲ್ಲಿ, ಛೆಟ್ರಿ ಅಮೆರಿಕಕ್ಕೆ ಹೊರಟರು. ಕಾನ್ಸಾಸ್‌ನಲ್ಲಿ ಲೀಗ್ ಪಂದ್ಯ ಒಂದೂ ಆಡಲು ಸಿಗಲಿಲ್ಲ. ಎರಡು ವರ್ಷ ಬಿಟ್ಟು ಸ್ಪೋರ್ಟಿಂಗ್‌ಗೆ ಹೋದಾಗಲೂ ಸಿಕ್ಕಿದ್ದು ಅವರ ಬಿ ತಂಡ, ಅದರಲ್ಲೂ ಬೆರಳೆಣಿಕೆಯ ಪಂದ್ಯ. ಇದನ್ನು ಸೋಲು ಅನ್ನುವವರಿದ್ದಾರೆ. ಒಪ್ಪುತ್ತೇನೆ, ಗೋಲಿನ ಲೆಕ್ಕದಲ್ಲಿ ಸೋಲೇ. ಆದರೆ ಒಂದು ಮಾತು ಗಮನಿಸು. ಎರಡು ಸಲವೂ ಅವರು ಊರಿಗೆ ಮರಳಿ ಸುಮ್ನೆ ಕೂರಲಿಲ್ಲ. ಸ್ಪೋರ್ಟಿಂಗ್‌ನಿಂದ ಲೋನ್ ಮೇಲೆ ಚರ್ಚಿಲ್ ಬ್ರದರ್ಸ್‌ಗೆ ಬಂದರು, ಕೆಲವೇ ತಿಂಗಳಲ್ಲಿ ಆ ಕ್ಲಬ್ 2012-13ರ ಐ-ಲೀಗ್ ಗೆದ್ದಿತು.

ಲೋನ್ ಅಂದರೆ ಏನು ಅಂತಲೂ ಹಲವರು ಕೇಳುತ್ತಾರೆ. ಆಟಗಾರನ ಕರಾರು ಮೊದಲ ಕ್ಲಬ್ಬಿನ ಜೊತೆಗೇ ಉಳಿದಿರುತ್ತದೆ. ಸ್ವಲ್ಪ ಕಾಲ ಇನ್ನೊಂದು ಕ್ಲಬ್ಬಿಗೆ ಆಡುತ್ತಾನೆ. ಪಕ್ಕದ ಮನೆಯವರು ನಾಟಿ ಹೊತ್ತಿಗೆ ನಮ್ಮ ಎತ್ತು ಕೇಳಿ ಒಯ್ದ ಹಾಗೆ.

ಡೆಂಪೊ, ಚರ್ಚಿಲ್ ಹೆಸರು ಹೇಳುವಾಗ ನನಗೆ ಶಿರವಾಡದ ರೈಲು ನಿಲ್ದಾಣ ಕಣ್ಣ ಮುಂದೆ ಬರುತ್ತದೆ. ಗೋವಾ ನಮಗೆ ದೂರದ್ದಾ ಹೇಳು? ಕಾಳಿ ಸೇತುವೆ ದಾಟಿದರೆ ನಿಮ್ಮ ಸದಾಶಿವಗಡ, ಮುಂದೆ ಮಾಜಾಳಿ, ಅಲ್ಲಿಗೆ ಗಡಿ. ರೈಲು ಹತ್ತಿದರೆ ಅಸ್ನೋಟಿ, ಕಾಣಕೋಣ ಕಳೆದು ಮಡಗಾಂವ್. ಅಲ್ಲಿಂದ ಫಾತೋರ್ಡಾ ಮೈದಾನ ಹತ್ತಿರವೇ. ನಮ್ಮ ಕಡೆಯಿಂದ ಐ-ಲೀಗ್ ನೋಡಲು ಹೋಗಿ ರಾತ್ರಿ ಮನೆ ಸೇರುತ್ತಿದ್ದವರು ಕಡಿಮೆ ಇರಲಿಲ್ಲ. ನಾನೂ ಹೋಗಿದ್ದೇನೆ. ಕೊಂಕಣಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದಿದ್ದೇನೆ. ಟಿವಿಯಲ್ಲಿ ಸ್ಟ್ರೈಕರ್ ಚೆಂಡು ಮುಟ್ಟಿದಾಗ ಮಾತ್ರ ಕಾಣುತ್ತಾನೆ. ಮೈದಾನದಲ್ಲಿ ಕೂತು ಅವನನ್ನೇ ನೋಡಬೇಕು. ಚೆಂಡು ಇನ್ನೆಲ್ಲೋ ಇರುವಾಗ ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ, ಮತ್ತೆ ತಟ್ಟನೆ ಮುಂದೆ. ಡಿಫೆಂಡರ್ ತಿರುಗಿ ನೋಡುವಷ್ಟರಲ್ಲಿ ಜಾಗ ಖಾಲಿ. ಛೆಟ್ರಿ ದೊಡ್ಡ ಆಳಲ್ಲ. ಆದರೂ ತಲೆಯಿಂದ ಅಷ್ಟು ಗೋಲು ಹೊಡೆದದ್ದು ಈ ಹೆಜ್ಜೆಗಳ ಲೆಕ್ಕದಿಂದ. ಇದನ್ನು ಒಬ್ಬನೇ ಕೋಚ್ ಕಲಿಸುವುದಿಲ್ಲ. ಹತ್ತು ಬಗೆಯ ಜೊತೆಗಾರರು ಹತ್ತು ಬಗೆಯ ಪಾಸ್ ಕೊಟ್ಟಾಗ ಬರುತ್ತದೆ ಅಂತ ನನ್ನ ಅನಿಸಿಕೆ.

ಈಗ ಬೆಂಗಳೂರಿಗೆ ಬರೋಣ. 2013ರಲ್ಲಿ ಹೊಸ ಕ್ಲಬ್ ಹುಟ್ಟಿತು. ಕೋಚ್ ಆಶ್ಲೆ ವೆಸ್ಟ್‌ವುಡ್, ನಾಯಕ ಛೆಟ್ರಿ. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರು. ಆ ಸೀಸನ್ನಿನಲ್ಲಿ ಛೆಟ್ರಿ 14 ಗೋಲು ಹೊಡೆದು, ಇನ್ನಿಬ್ಬರು ವಿದೇಶಿ ಆಟಗಾರರ ಜೊತೆ ಗೋಲಿನ ಪಟ್ಟಿಯ ಮೇಲಿನ ಸ್ಥಾನ ಹಂಚಿಕೊಂಡರು. ಆರು ಸೀಸನ್ ಒಡಾಫಾ, ರಂಟಿ ಅಂತಲೇ ಓದಿದ್ದ ಪಟ್ಟಿ ಅದು. ಆಟಗಾರ ಅದೇ ಆಟಗಾರ, ವಯಸ್ಸು 29. ಬದಲಾದದ್ದು ಏನು ಅಂದರೆ, ಈ ತಂಡವನ್ನು ಅವರ ಸುತ್ತಲೇ ಕಟ್ಟಿದ್ದರು.

ಅಲ್ಲಿಂದ ಅವರು ಕದಲಲಿಲ್ಲ. 2015 ಮತ್ತು 2016ರಲ್ಲಿ ಇನ್ನೊಂದು ಲೀಗ್ ಆದ ಇಂಡಿಯನ್ ಸೂಪರ್ ಲೀಗ್ ಅಂದರೆ ಐಎಸ್‌ಎಲ್‌ನಲ್ಲಿ ಮುಂಬೈ ಸಿಟಿಗೆ ಆಡಿದ್ದು ನಿಜ. ಆಗ ಐ-ಲೀಗ್ ಮತ್ತು ಐಎಸ್‌ಎಲ್ ಬೇರೆ ಬೇರೆ ತಿಂಗಳಲ್ಲಿ ನಡೆಯುತ್ತಿದ್ದವು. ಬೆಂಗಳೂರು ಐಎಸ್‌ಎಲ್‌ನಲ್ಲಿ ಇರಲಿಲ್ಲ. ಹರಾಜಿನಲ್ಲಿ ಮುಂಬೈ ಅವರಿಗೆ 1.2 ಕೋಟಿ ರೂಪಾಯಿ ಕೊಟ್ಟಿತು. 2017ರಲ್ಲಿ ಬೆಂಗಳೂರು ಐಎಸ್‌ಎಲ್‌ಗೆ ಸೇರಿದ ಮೇಲೆ ಆ ಓಡಾಟವೂ ನಿಂತಿತು. 2018-19ರಲ್ಲಿ ಎಫ್‌ಸಿ ಗೋವಾವನ್ನು ಸೋಲಿಸಿ ಕಪ್ ಎತ್ತಿದರು. (ಆ ರಾತ್ರಿ ಕಾರವಾರದಲ್ಲಿ ಅರ್ಧ ಜನ ಗೋವಾ ಕಡೆ, ಅರ್ಧ ಜನ ಬೆಂಗಳೂರು ಕಡೆ. ನಮಗೆ ಎರಡೂ ನಮ್ಮದೇ ಅಲ್ವಾ?)

ಹೀಗೆ ಕ್ಲಬ್ ಬದಲಿಸಿದ ಸ್ಟ್ರೈಕರ್ ಛೆಟ್ರಿ ಒಬ್ಬರೇ ಅಲ್ಲ. ಮುಂಬೈನಲ್ಲಿ 2015ರಲ್ಲಿ ಆಡುತ್ತಲೇ ಕೋಚ್ ಆಗಿಯೂ ಇದ್ದವರು ಫ್ರಾನ್ಸ್‌ನ ನಿಕೋಲಾ ಅನೆಲ್ಕಾ. ಪ್ಯಾರಿಸ್, ಆರ್ಸೆನಲ್, ರಿಯಲ್ ಮ್ಯಾಡ್ರಿಡ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ, ಟರ್ಕಿಯ ಫೆನರ್‌ಬಾಚೆ, ಬೋಲ್ಟನ್, ಚೆಲ್ಸಿ, ಶಾಂಘೈ, ಯುವೆಂಟಸ್ ಎಲ್ಲ ಸುತ್ತಿ ಬಂದವರು. ಉರುಗ್ವೆಯ ಸೆಬಾಸ್ಟಿಯನ್ ಅಬ್ರೆಯು ಇನ್ನೂ ಮುಂದೆ. 2017ರ ಕೊನೆಗೆ 26ನೇ ಕ್ಲಬ್ ಸೇರಿ ಗಿನ್ನೆಸ್ ದಾಖಲೆ ಮಾಡಿದರು, ಆಮೇಲೂ ನಿಲ್ಲಲಿಲ್ಲ. ನಮ್ಮ ಐಎಸ್‌ಎಲ್‌ನಲ್ಲೇ ನೈಜೀರಿಯಾದ ಬಾರ್ತೊಲೊಮ್ಯು ಒಗ್ಬೆಚೆ ನಾರ್ತ್‌ಈಸ್ಟ್, ಕೇರಳ, ಮುಂಬೈ, ಹೈದರಾಬಾದ್ ಅಂತ ನಾಲ್ಕು ತಂಡಕ್ಕೆ ಆಡಿ 63 ಗೋಲಿನ ದಾಖಲೆ ಮಾಡಿದರು. ಹೋದಲ್ಲೆಲ್ಲ ಗೋಲು. ಆ ಗೋಲಿನ ದಾಖಲೆ ಮುರಿದದ್ದು 40ರ ವಯಸ್ಸಿನ ಛೆಟ್ರಿ. ಒಬ್ಬರು ಸುತ್ತುತ್ತಾ ಹೊಡೆದರು, ಇನ್ನೊಬ್ಬರು ಸುತ್ತಿ ಮುಗಿಸಿ ಒಂದು ಕಡೆ ನಿಂತು ಹೊಡೆದರು.

ದೇಶದ ಲೆಕ್ಕವೂ ಹೇಳಿಬಿಡುತ್ತೇನೆ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ವಿದಾಯದ ಪಂದ್ಯ ಆಡಿದಾಗ 151 ಪಂದ್ಯ, 94 ಗೋಲು. ಪುರುಷರ ಅಂತಾರಾಷ್ಟ್ರೀಯ ಫುಟ್ಬಾಲಿನಲ್ಲಿ ಆಗ ಅವರಿಗಿಂತ ಮೇಲೆ ಇದ್ದದ್ದು ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ ಮಾತ್ರ. 2025ರ ಮಾರ್ಚ್‌ನಲ್ಲಿ ಮತ್ತೆ ಕರೆ ಬಂತು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೇ ಗೋಲೂ ಬಂತು.

ಈಗ ನಿನ್ನ ವಿಷಯ. ಗೋವಾಕ್ಕೆ ಹೋಗಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಆಯಿಯ ಹೆದರಿಕೆ ತಪ್ಪಲ್ಲ, ಅದಕ್ಕೆ ಉತ್ತರ ತಯಾರು ಮಾಡಿಕೋ. ಆ ಜೂನಿಯರ್ ಟೀಮಿನಲ್ಲಿ ನಿನ್ನ ಜಾಗದಲ್ಲಿ ಈಗ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಕೇಳು. ಸ್ಟ್ರೈಕರ್ ಅಂತ ಕರೆದು ವಿಂಗ್‌ನಲ್ಲಿ ಓಡಿಸುತ್ತಾರಾ ಕೇಳು. ವರ್ಷಕ್ಕೆ ಎಷ್ಟು ಪಂದ್ಯ ಆಡಿಸುತ್ತಾರೆ ಅನ್ನುವುದು ಕ್ಲಬ್ಬಿನ ಹೆಸರಿಗಿಂತ ಮುಖ್ಯ. ಕರಾರು ಕಾಗದ ಕೊಟ್ಟರೆ ಅಲ್ಲೇ ಸಹಿ ಹಾಕಬೇಡ, ಮನೆಗೆ ತಂದು ಓದಿಸು. 18 ತುಂಬದವರಿಗೆ ಮೂರು ವರ್ಷಕ್ಕಿಂತ ಹೆಚ್ಚಿನ ಕರಾರು ಮಾಡುವ ಹಾಗಿಲ್ಲ ಅಂತ ಫಿಫಾ ನಿಯಮವೇ ಇದೆ. ಇಲ್ಲಿ ಎಲ್ಲಾದರೂ ನಿನ್ನ ಹೆಸರು ನೋಂದಣಿ ಆಗಿದ್ದರೆ ಅದನ್ನು ಗೋವಾಕ್ಕೆ ವರ್ಗಾಯಿಸಬೇಕು. ಆ ಕೆಲಸ ಯಾರು ಮಾಡುತ್ತಾರೆ ಅಂತ ಮೊದಲೇ ಸ್ಪಷ್ಟ ಮಾಡಿಕೋ. ಪಿಯುಸಿ ಪರೀಕ್ಷೆ ಬಿಡಬೇಡ. ಅದು ಮುಗಿದ ಮೇಲೆ ಬರ್ತೀನಿ ಅಂದರೆ ಒಳ್ಳೆಯ ಕ್ಲಬ್ಬು ಕಾಯುತ್ತದೆ.

ಮತ್ತೆ, ನೋಡಲು ಹೋಗುವಾಗ ಒಬ್ಬನೇ ಹೋಗಬೇಡ. ಬೆಳಗಿನ ರೈಲಿಗೆ ಆಯಿಯನ್ನೂ ಕರೆದುಕೊಂಡು ಹೋಗು. ಮೈದಾನ ನೋಡಲಿ, ಹಾಸ್ಟೆಲ್ ನೋಡಲಿ, ಅಲ್ಲಿಯ ಅಡುಗೆಮನೆಯನ್ನೂ ನೋಡಲಿ. ಕೋಚ್ ಜೊತೆ ಅವಳೇ ಮಾತಾಡಲಿ.