ಎಡಗೈ ಹುಡುಗನ ಮೊದಲ ಶಾಟ್‌ಗನ್: ಮೊದಲು ಕಣ್ಣು ನೋಡಿ, ಆಮೇಲೆ ಕೈ

ಪ್ರಶ್ನೆ: ನಮ್ಮದು ಹೊಳಲ್ಕೆರೆ ಕಡೆ. ಮಗನಿಗೆ 15 ವರ್ಷ, ಎಡಚ. ಅವರಜ್ಜ ಶಿಕಾರಿ ಮಾಡ್ತಿದ್ದವರು. ಅವರ ಕಾಲದ 12 ಬೋರಿನ ಜೋಡುನಳಿಗೆ ಈಗ ನನ್ನ ಲೈಸೆನ್ಸ್‌ನಲ್ಲಿದೆ. ಹುಡುಗ ನಾನೂ ಕಲೀತೀನಿ ಅಂತ ಹಠ ಹಿಡಿದಿದ್ದಾನೆ. ಎಡಗೈಯವರಿಗೆ ಬೇರೆ ಬಂದೂಕೇ ಬೇಕಾ, ಇದನ್ನೇ ಹೊಂದಿಸಬಹುದಾ?

ಶಿಕಾರಿ ಮಾತು ಮೊದಲು ಮುಗಿಸಿಬಿಡೋಣ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದಕ್ಕೆ ಜಾಗ ಇಲ್ಲ. ಜೋಳಕ್ಕೆ ಹಂದಿ ನುಗ್ಗಿದರೂ ಅರಣ್ಯ ಇಲಾಖೆಯ ಆದೇಶ ಇಲ್ಲದೆ ಹೊಡೆಯುವಂತಿಲ್ಲ. ಹುಡುಗನಿಗೆ ಉಳಿದಿರುವುದು ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವ ಆಟ, ಅಂದರೆ ಟ್ರ್ಯಾಪ್ ಮತ್ತು ಸ್ಕೀಟ್. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಈ ಜಾತಿಯ ಆಟದಲ್ಲೇ, ಡಬಲ್ ಟ್ರ್ಯಾಪ್‌ನಲ್ಲಿ. 21 ವರ್ಷ ತುಂಬದವರಿಗೆ ಲೈಸೆನ್ಸ್ ಸಿಗುವುದಿಲ್ಲ, ಆದರೆ 12 ದಾಟಿದವರು ತರಬೇತಿ ಪಡೆಯಲು ನಿಯಮದಲ್ಲಿ ದಾರಿ ಇದೆ. ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್‌ನಲ್ಲಿ ವಿಚಾರಿಸಿ. ಅಜ್ಜನ ಬಂದೂಕು ಬೀಗದೊಳಗೇ ಇರಲಿ, ಹುಡುಗ ಕೋಚ್ ಮುಂದೆ ಕಲಿಯಲಿ.

ಈಗ ಕೈ ವಿಷಯ. ಎಡಚ ಅಂದ ಮಾತ್ರಕ್ಕೆ ಎಡ ಹೆಗಲಿಗೆ ಕೊಡಬೇಕು ಅಂತಿಲ್ಲ. ಶಾಟ್‌ಗನ್‌ಗೆ ರೈಫಲ್ ಥರ ಹಿಂದಿನ ಗುರಿಕಿಂಡಿ ಇರಲ್ಲ, ಹೊಡೆಯುವವನ ಕಣ್ಣೇ ಆ ಕಿಂಡಿ. ಹಾಗಾಗಿ ಯಾವ ಕಣ್ಣು ಮುಂದಾಳು ಅಂತ ನೋಡಿ. ಎರಡೂ ಕೈ ಮುಂದೆ ಚಾಚಿ, ಅಂಗೈ ಸೇರಿಸಿ ಸಣ್ಣ ತೂತು ಮಾಡಿಕೊಂಡು, ಎರಡೂ ಕಣ್ಣು ಬಿಟ್ಟು ಆಚೆ ಗೋಡೆಯ ಸ್ವಿಚ್ ನೋಡಲಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ಸ್ವಿಚ್ ಅಲ್ಲೇ ಕಾಣುತ್ತದೋ ಅದೇ ಮುಂದಾಳು. ಎಡಗಣ್ಣು ಬಂದರೆ ಯೋಚನೆಯೇ ಇಲ್ಲ, ಎಡ ಹೆಗಲು. ಬಲಗಣ್ಣು ಬಂದರೆ, ಇನ್ನೂ ಒಂದು ತೋಟಾನೂ ಹಾರಿಸದ ಹುಡುಗ ಆದ್ದರಿಂದ, ಬಲ ಹೆಗಲಲ್ಲೇ ಶುರು ಮಾಡಿಸಿ ನೋಡಿ ಅಂತೀನಿ. ಒಗ್ಗದಿದ್ದರೆ ಎಡ ಹೆಗಲಿಗೇ ಕೊಟ್ಟು, ಕನ್ನಡಕದ ಬಲಗಾಜಿಗೆ ಮಸುಕು ಟೇಪಿನ ಸಣ್ಣ ಚೂರು ಅಂಟಿಸುತ್ತಾರೆ.

ಎಡ ಹೆಗಲು ಅಂತಾದರೆ ನೋಡಬೇಕಾದ್ದು ಸ್ಟಾಕ್, ಅಂದರೆ ಹೆಗಲಿಗೆ ಕೊಡುವ ಮರದ ಭಾಗ. ಇದು ಎಷ್ಟೋ ಬಂದೂಕಲ್ಲಿ ನಳಿಗೆಯ ನೇರಕ್ಕೆ ಇರಲ್ಲ, ಬಲಗೈಯವರ ಕಣ್ಣು ನಡುಗೆರೆಗೆ ಬರಲಿ ಅಂತ ಸ್ವಲ್ಪ ಬಲಕ್ಕೆ ಬಾಗಿರುತ್ತದೆ. ನಿಮ್ಮದು ಹೇಗಿದೆ ಅಂತ ನೀವೇ ನೋಡಬಹುದು. ಬಂದೂಕು ಮುರಿದು (ಅಂದರೆ ಕೀಲಿನ ಹತ್ತಿರ ನಳಿಗೆ ಬಗ್ಗಿಸಿ ತೆರೆದು) ಎರಡೂ ನಳಿಗೆ ಖಾಲಿ ಅಂತ ಖಚಿತ ಮಾಡಿಕೊಂಡು ಮುಚ್ಚಿ, ಮೇಜಿನ ಮೇಲಿಡಿ. ನಳಿಗೆ ತುದಿಯ ಗುರಿಮಣಿಯಿಂದ ನಡುಪಟ್ಟಿಯ ಮೇಲೆ ಹಾಯಿಸಿ ಹಿಂದಿನವರೆಗೂ ಒಂದು ದಾರ ಎಳೆದು ಹಿಡಿಯಿರಿ. ಹಿಂದೆ ನಿಂತು ನೋಡಿದರೆ ಸ್ಟಾಕಿನ ಹಿಮ್ಮಡಿ ದಾರದಿಂದ ಎಷ್ಟು ಪಕ್ಕಕ್ಕೆ ಸರಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಬಲಕ್ಕೆ ಬಾಗಿದ ಸ್ಟಾಕನ್ನು ಎಡ ಹೆಗಲಿಗೆ ಕೊಟ್ಟರೆ ಎಡಗಣ್ಣು ಪಟ್ಟಿಯ ಬಲಕ್ಕೆ ಕೂರುತ್ತದೆ, ಏಟೂ ಬಲಕ್ಕೇ ಹೋಗುತ್ತದೆ. ಕಣ್ಣಿಗೂ ಮಣಿಗೂ ಒಂದು ಮೀಟರ್ ಅಂತರ ಅಂದುಕೊಳ್ಳಿ. ಕಣ್ಣು 3 ಮಿ.ಮೀ. ಸರಿದರೆ 15 ಮೀಟರಿನಲ್ಲಿ ಸುಮಾರು ನಾಲ್ಕೂವರೆ ಸೆಂ.ಮೀ. ತಪ್ಪುತ್ತದೆ, 40 ಮೀಟರಿಗೆ 12 ಸೆಂ.ಮೀ. ಹುಡುಗ ಇದನ್ನು ಸರಿಮಾಡಲು ಕುತ್ತಿಗೆ ವಾಲಿಸಿ ಕೆನ್ನೆ ಒತ್ತುತ್ತಾನೆ, ಕೆನ್ನೆಗೆ ಏಟು ತಿನ್ನುತ್ತಾನೆ, ಆಮೇಲೆ ಬಂದೂಕು ಕಂಡರೇ ಕಣ್ಣು ಮುಚ್ಚುತ್ತಾನೆ.

ಹಾಗಾಗಿ ಕ್ಲಬ್‌ನಲ್ಲಿ ಕೇಳಬೇಕಾದ್ದು ನೇರ ಸ್ಟಾಕ್, ಇಲ್ಲವೇ ಎಡಕ್ಕೆ ಬಾಗಿದ್ದು. ಸೆಮಿ ಆಟೊಮ್ಯಾಟಿಕ್‌ಗಳಲ್ಲಿ (ಒಂದು ಏಟಾದ ಮೇಲೆ ಮುಂದಿನ ತೋಟಾ ತಾನೇ ತುಂಬಿಕೊಳ್ಳುವ ಬಂದೂಕು) ಎಷ್ಟೋ ಮಾಡೆಲ್‌ಗಳಿಗೆ ಬಾಗು ಬದಲಿಸುವ ತೆಳು ಬಿಲ್ಲೆಗಳು ಸಿಗುತ್ತವೆ, ಒದೆತವೂ ಕಡಿಮೆ. ಆದರೆ ಸಾಮಾನ್ಯ ಸೆಮಿ ಆಟೊ ಖಾಲಿ ತೋಟಾವನ್ನು ಬಲಕ್ಕೆ ಎಸೆಯುತ್ತದೆ, ಎಡಗೈಯವನ ಮುಖದ ಮುಂದೆಯೇ. ಸೇಫ್ಟಿ ಗುಂಡಿಯೂ ಬಲಗೈ ಬೆರಳಿಗೆ ಅಂತ ಮಾಡಿದ್ದು. ನನ್ನನ್ನು ಕೇಳಿದರೆ ಮುರಿಯುವ ಬಂದೂಕೇ ವಾಸಿ, ಅದರಲ್ಲೂ ಮೇಲೊಂದು ಕೆಳಗೊಂದು ನಳಿಗೆ ಇರುವಂಥದ್ದು. ಸೇಫ್ಟಿ ಮೇಲ್ಗಡೆ ಇರುವುದರಿಂದ ಯಾವ ಹೆಬ್ಬೆರಳಿಗೂ ಸಿಗುತ್ತದೆ, ಮುರಿದಿಟ್ಟರೆ ಖಾಲಿ ಅಂತ ದೂರದಿಂದಲೇ ಎಲ್ಲರಿಗೂ ಗೊತ್ತಾಗುತ್ತದೆ.

ಉದ್ದ: ಹೆಗಲಿಗೆ ಕೊಟ್ಟಾಗ ಮೂಗಿಗೂ ಹೆಬ್ಬೆರಳಿಗೂ ನಡುವೆ ಎರಡು ಬೆರಳು ಅಂತರ ಇದ್ದರೆ ಸಾಕು. ಉದ್ದ ಜಾಸ್ತಿಯಾದರೆ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. 15ರ ಹುಡುಗ ಬೆಳೆಯುವವನು, ಸ್ಕೂಲ್ ಪ್ಯಾಂಟಿನ ಹಾಗೆ ಇದೂ ಬೇಗ ಗಿಡ್ಡವಾಗುತ್ತದೆ, ಅದಕ್ಕೇ ಹಿಂದೆ ಪ್ಯಾಡ್ ಸೇರಿಸಿ ಉದ್ದ ಮಾಡಬಹುದಾದ್ದು ನೋಡಿ. ಭಾರ ಅಂತ ಅಜ್ಜನ ಬಂದೂಕಿನ ನಳಿಗೆ ಕತ್ತರಿಸೋಕೆ ಹೋಗಬೇಡಿ, 1959ರ ಆಯುಧ ಕಾಯ್ದೆಯ ಪ್ರಕಾರ ಅದು ಅಪರಾಧ. ಸ್ಟಾಕ್ ಕೆಲಸಕ್ಕೂ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಹೋಗಿ, ಊರ ಬಡಗಿ ಬೇಡ.

20 ಬೋರ್ (12ಕ್ಕಿಂತ ಸಣ್ಣ ನಳಿಗೆಯದು) ಸಿಕ್ಕರೆ ಒಳ್ಳೇದು, ಆದರೆ ತೀರಾ ಹಗುರದ್ದು ಬೇಡ. ಅದೇ ತೋಟಾಕ್ಕೆ ಬಂದೂಕು ಹಗುರಾದಷ್ಟೂ ಒದೆತ ಜಾಸ್ತಿ. 12 ಬೋರೇ ಆದರೆ 24 ಗ್ರಾಂ ಚರೆ ತುಂಬಿದ ತೋಟಾ ಕೇಳಿ. ಒಲಿಂಪಿಕ್ ಟ್ರ್ಯಾಪ್‌ನಲ್ಲೂ ಅದಕ್ಕಿಂತ ಭಾರದ್ದಕ್ಕೆ ಅವಕಾಶ ಇಲ್ಲ.

ಎಲ್ಲ ಹೊಂದಿಸಿದ ಮೇಲೆ ಮಣ್ಣಿನ ಬಿಲ್ಲೆಗಿಂತ ಮೊದಲು ಕಾಗದಕ್ಕೆ ಹೊಡೆಸಿ. ಸುಮಾರು 15 ಮೀಟರ್ ದೂರ, ದೊಡ್ಡ ಹಾಳೆ, ನಡುವೆ ಕಪ್ಪು ಚುಕ್ಕೆ. ಗುರಿ ಹಿಡಿದು ನಿಲ್ಲದೆ ಹೆಗಲಿಗೆ ಕೊಟ್ಟ ಕೂಡಲೇ ಹಾರಿಸಲಿ, ಒಂದೇ ಹಾಳೆಗೆ ನಾಲ್ಕೈದು ತೋಟಾ. ತೂತುಗಳೆಲ್ಲ ಬಲಕ್ಕೇ ಗುಂಪಾಗಿದ್ದರೆ ಬಾಗು ತಪ್ಪಿದೆ, ಮೇಲಕ್ಕೆ ಹೋಗಿದ್ದರೆ ಕೆನ್ನೆ ಇಡುವ ಜಾಗ ಎತ್ತರ ಇದೆ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಇಲ್ಲದೆ ಒಂದು ತೋಟಾನೂ ಬೇಡ, ನೋಡೋಕೆ ನಿಂತಿರುವ ನಿಮಗೂ ಸೇರಿಸಿ.