ಅಲಾರಂ ಬಂತು, ಬಟನ್ ಒತ್ತಿ ಮಲಗಿದೆ. ಸಾಕಲ್ವಾ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದೊಂದು ಮೆಕ್ಕೆಜೋಳದ ಗೋಡೌನ್ ಇದೆ. ಸೆನ್ಸರ್, ಕ್ಯಾಮೆರಾ ಎಲ್ಲಾ ಹಾಕಿಸಿದ್ದೇವೆ. ರಾತ್ರಿ ನಾಲ್ಕೈದು ಸಲ ಮೊಬೈಲ್ ಕೂಗುತ್ತೆ. ಹೋಗಿ ನೋಡಿದ್ರೆ ಯಾರೂ ಇರಲ್ಲ. ಈಗ ಆ್ಯಪ್‌ನಲ್ಲಿ ‘ಅಕ್‌ನಾಲೆಜ್’ ಒತ್ತಿ ಮಲಗ್ತೀನಿ. ಅಷ್ಟು ಸಾಕಾ?

ಉತ್ತರ: ಸಾಲದು. ಆ ಬಟನ್ ಒತ್ತಿದರೆ ‘ನೋಡಿದೆ’ ಅಂತ ಅರ್ಥ, ‘ಸರಿಹೋಯ್ತು’ ಅಂತಲ್ಲ. ಸಾಮಾನ್ಯವಾಗಿ ಸದ್ದು ನಿಲ್ಲುತ್ತದೆ, ಯಾರು ಎಷ್ಟು ಹೊತ್ತಿಗೆ ಒತ್ತಿದರು ಅಂತ ದಾಖಲಾಗುತ್ತದೆ. ಅಲಾರಂ ಬಂದ ಕಾರಣ ಮಾತ್ರ ಗೋಡೌನ್‌ನಲ್ಲೇ ಕೂತಿರುತ್ತದೆ.

ಮೊದಲು ಒಂದು ವಾರದ ಈವೆಂಟ್ ಲಾಗ್, ಅಂದರೆ ಬಂದ ಅಲಾರಂಗಳ ಪಟ್ಟಿ ತೆರೆಯಿರಿ. ಯಾವ ಝೋನ್ (ಸೆನ್ಸರ್ ಕಾಯುವ ಜಾಗ), ಎಷ್ಟು ಗಂಟೆಗೆ ಅಂತ ನೋಡಿ. ದಿನಾ ಅದೇ ಝೋನ್ ಕೂಗುತ್ತಿದ್ದರೆ ಕಳ್ಳ ಅಲ್ಲ ಬಿಡಿ, ಕಳ್ಳನಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು! ಚೌಕಿಪೇಟೆಯ ಒಂದು ಅಂಗಡಿಯಲ್ಲಿ ನಾನೇ ನೋಡಿದ್ದೇನೆ. ಸೆನ್ಸರ್ ಪಕ್ಕದಲ್ಲೇ ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟ್. ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ. ಹಲ್ಲಿ ಲೆನ್ಸ್ ಮೇಲೆ ಹರಿದಾಗಲೆಲ್ಲ ಮಾಲೀಕರಿಗೆ ಎಚ್ಚರ. ಲೈಟ್ ಆಚೆ ಗೋಡೆಗೆ ಹಾಕಿದೆವು, ಮುಗೀತು.

ನಿಮ್ಮಲ್ಲಿ ನನ್ನ ಅನುಮಾನ ಇಲಿ ಮೇಲೆ. ಪಿಐಆರ್ ಸೆನ್ಸರ್ ತನ್ನ ಮುಂದೆ ಶಾಖ ಸರಿದಾಡುವುದನ್ನು ಗುರುತಿಸುತ್ತದೆ. ನೆಲದ ಮೇಲಿನ ಸಣ್ಣ ಪ್ರಾಣಿಯನ್ನು ಲೆಕ್ಕಕ್ಕೆ ಹಿಡಿಯದ ಸೆನ್ಸರ್‌ಗಳೂ ಇವೆ. ಆದರೆ ಚೀಲದ ನಿಟ್ಟು ಸೆನ್ಸರ್ ಎತ್ತರಕ್ಕೆ ಬಂದಿದ್ದರೆ, ಮೇಲೆ ಓಡುವ ಇಲಿ ಅದರ ಕಣ್ಣೆದುರಿಗೇ ಬರುತ್ತದೆ. ಇಲಿಯೂ ಆಗ ಆಳಿನಷ್ಟು ದೊಡ್ಡದು! ನಿಟ್ಟು ಇಳಿಸಿ, ಇಲ್ಲವೇ ಸೆನ್ಸರ್ ಜಾಗ ಬದಲಿಸಿ. ಹೊಗೆ ಸೆನ್ಸರ್ ಕೂಗುತ್ತಿದ್ದರೆ ಜೋಳದ ದೂಳು ಒರೆಸಿಸಿ. ಮಂಡಕ್ಕಿ ಭಟ್ಟಿ ಹತ್ತಿರ ಇದ್ದರಂತೂ ಇದು ಇದ್ದದ್ದೇ.

ನಾನು ಜಾಸ್ತಿ ಹೆದರುವುದು ಬೇರೆಯದಕ್ಕೆ. ಬರೀ ‘ಮೇನ್ಸ್ ಫೇಲ್’ ಅಂತ ಬಂದರೆ ಕರೆಂಟ್ ಹೋಗಿರಬಹುದು, ಪಕ್ಕದವರಿಗೆ ಒಂದು ಫೋನ್ ಮಾಡಿ ಕೇಳಿ. ಅವರಲ್ಲಿ ಕರೆಂಟ್ ಇದೆ, ನಿಮ್ಮಲ್ಲಿಲ್ಲ, ಎರಡೇ ನಿಮಿಷಕ್ಕೆ ‘ಟ್ಯಾಂಪರ್’ (ಸಾಧನವನ್ನು ಯಾರೋ ಬಿಚ್ಚಲು ನೋಡಿದ್ದಾರೆ ಅನ್ನುವ ಸೂಚನೆ), ಅದರ ಹಿಂದೆಯೇ ‘ಕನೆಕ್ಷನ್ ಲಾಸ್ಟ್’ ಬಂತು ಅಂದರೆ ಎದ್ದು ಕೂರಿ. ಯಾರೋ ವೈರ್‌ಗೆ ಕೈ ಹಾಕಿರಬಹುದು. ನಾಲ್ಕು ಸುಳ್ಳು ಅಲಾರಂ ನಡುವೆ ಕಣ್ತಪ್ಪುವುದು ಇಂಥದ್ದೇ. ಪ್ಯಾನೆಲ್‌ನ, ಅಂದರೆ ಅಲಾರಂ ನಡೆಸುವ ಪೆಟ್ಟಿಗೆಯ 12 ವೋಲ್ಟ್ ಬ್ಯಾಟರಿಗೆ ಮೂರು ವರ್ಷ ಆಗಿದ್ದರೆ ಟೆಸ್ಟ್ ಮಾಡಿಸಿ. ಕರೆಂಟ್ ಹೋದಾಗ ಅದೂ ಕೈಕೊಟ್ಟರೆ ಪ್ಯಾನೆಲ್ಲೇ ಸುಮ್ಮನಾಗಿಬಿಡುತ್ತದೆ.

ಅಲಾರಂ ಬಂದಾಗ ಕ್ಯಾಮೆರಾದಲ್ಲಿ ಈಗ ಏನಿದೆ ಅಂತ ನೋಡಿ ಸುಮ್ಮನಾಗಬೇಡಿ. ರೆಕಾರ್ಡಿಂಗನ್ನು ಅಲಾರಂಗೆ ಹತ್ತು ಸೆಕೆಂಡ್ ಹಿಂದಿನಿಂದ ಹಾಕಿ ನೋಡಿ. ಮನುಷ್ಯ ಕಂಡರೆ ಒಬ್ಬರೇ ಹೋಗಬೇಡಿ, 112ಕ್ಕೆ ಫೋನ್ ಮಾಡಿ. ಏನೂ ಇಲ್ಲದಿದ್ದರೆ ರಿಮಾರ್ಕ್‌ನಲ್ಲಿ ಕಾರಣ ಬರೆಯಿರಿ. ‘ಇಲಿ’ ಅಂತ ಎರಡಕ್ಷರ ಬರೆದರೂ ಆಯಿತು. ತಿಂಗಳ ಕೊನೆಗೆ ಯಾವ ಸೆನ್ಸರ್ ಸರಿಸಬೇಕು ಅಂತ ಅದೇ ಹೇಳುತ್ತದೆ.

ಇನ್ನೊಂದು ಮಾತು. ‘ಕಾಟ ಜಾಸ್ತಿ ಆಯ್ತು’ ಅಂತ ಹೇಳಿದರೆ ಕೆಲವು ಟೆಕ್ನಿಷಿಯನ್‌ಗಳು ಆ ಝೋನನ್ನೇ ಬೈಪಾಸ್ ಮಾಡಿ, ಅಂದರೆ ಅಲ್ಲಿಂದ ಅಲಾರಂ ಬಾರದಂತೆ ಬಂದ್ ಮಾಡಿ ಹೋಗುತ್ತಾರೆ. ಬೈಪಾಸ್ ಪಟ್ಟಿ ಇವತ್ತೇ ತೆಗೆದು ನೋಡಿ. ಹೋದ ವರ್ಷ ಸುಣ್ಣ ಬಳಿಯುವಾಗ ಬಂದ್ ಮಾಡಿದ ಹಿಂಬಾಗಿಲು ಇನ್ನೂ ಅದರಲ್ಲೇ ಇರಬಹುದು.