ವರ್ಕ್‌ಹೌಸಿನ ವೃದ್ಧರು: ಎಷ್ಟು ವರ್ಷಕ್ಕೆ ಮುಪ್ಪು?

ಇಂಗ್ಲೆಂಡಿನ 1834ರ ಬಡವರ ಕಾಯಿದೆಯ ಚೌಕಟ್ಟು ಎಲ್ಲ ಪಠ್ಯಗಳಲ್ಲೂ ಸಿಗುತ್ತದೆ: ಹಲವು ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರು) ಸೇರಿ ಒಂದು ಯೂನಿಯನ್, ಅದಕ್ಕೊಂದು ಗಾರ್ಡಿಯನ್ನರ, ಅಂದರೆ ಬಡವರ ನೆರವನ್ನು ನೋಡಿಕೊಳ್ಳುವವರ, ಮಂಡಳಿ, ಒಂದು ವರ್ಕ್‌ಹೌಸ್, ಅಂದರೆ ನೆರವು ಬೇಡಿ ಬಂದವರನ್ನು ಒಳಗಿಟ್ಟು ದುಡಿಸುವ ಮನೆ. ಒಳಗಿನ ಬದುಕು ಹೊರಗೆ ದುಡಿಯುವ ಕಡುಬಡವನದಕ್ಕಿಂತ ಕಡೆಯಾಗಿರಬೇಕೆಂಬುದು ತತ್ವ. ಅದರ ಗುರಿ ಗಟ್ಟಿಮುಟ್ಟಾದವರು. ಆದರೆ ಕೈಲಾಗದ ಮುದುಕರೂ ಅದೇ ಗೋಡೆಯೊಳಗೆ ಬಿದ್ದರು. ಎಲ್ಲ ಮುದುಕರೂ ಒಳಗೆ ಹೋಗಲಿಲ್ಲ, ಅನೇಕರಿಗೆ ಮನೆಯಲ್ಲೇ ವಾರಕ್ಕಿಷ್ಟು ಶಿಲಿಂಗ್, ಬ್ರೆಡ್ಡು ಸಿಗುತ್ತಿತ್ತು. 1870ರ ದಶಕದಲ್ಲಿ ಅದನ್ನು ಬಿಗಿ ಮಾಡಿದರು.

ಎಡವುವುದು ‘ವೃದ್ಧ’ ಎಂಬ ಪದದಲ್ಲಿ. ಒಳಗಿದ್ದವರನ್ನು ಏಳು ವರ್ಗ ಮಾಡಿದ್ದರು. ಮೊದಲನೆಯದು, ಮುಪ್ಪಿನಿಂದ ಅಥವಾ ಬೇರೆ ಯಾವುದೇ ಕಾರಣದಿಂದ ಅಶಕ್ತರಾದ ಗಂಡಸರು. ನಾಲ್ಕನೆಯದು, ಅಂಥದೇ ಹೆಂಗಸರು. ಇಲ್ಲಿ ವಯಸ್ಸಿನ ಅಂಕಿಯೇ ಇಲ್ಲ! ಓದುವಾಗ ‘ಅಥವಾ ಬೇರೆ ಯಾವುದೇ ಕಾರಣ’ ಎಂಬುದು ಕಣ್ತಪ್ಪುತ್ತದೆ. ಕೀಲು ಹಿಡಿದ 45ರವನು ಈ ವರ್ಗಕ್ಕೆ ಬರಬಹುದು, ಮೈಯಲ್ಲಿ ಕಸುವಿರುವ 63ರವನು ಕಲ್ಲು ಒಡೆಯುವವರ ಸಾಲಿಗೆ ಹೋಗಬಹುದು. ಆದ್ದರಿಂದ ಪಟ್ಟಿಯಲ್ಲಿ ‘ವೃದ್ಧರು ಮತ್ತು ಅಶಕ್ತರು’ ಎಂದಿದ್ದರೆ ಅದನ್ನು ಮುದುಕರ ಲೆಕ್ಕವೆಂದು ಬರೆದುಕೊಳ್ಳಬೇಡಿ.

ಅಂಕಿ ಬರುವುದು ಊಟದಲ್ಲಿ. 1835ರ ಮಾದರಿ ಆಹಾರಪಟ್ಟಿಯ ಪ್ರಕಾರ 60 ದಾಟಿದವರಿಗೆ ವಾರಕ್ಕೆ 1 ಔನ್ಸ್ ಚಹಾ, 5 ಔನ್ಸ್ ಬೆಣ್ಣೆ, 7 ಔನ್ಸ್ ಸಕ್ಕರೆ ಕೊಡಬಹುದು. ಔನ್ಸಿಗೆ 28 ಗ್ರಾಂ ಹಿಡಿದು 7ರಿಂದ ಭಾಗಿಸಿದರೆ ದಿನಕ್ಕೆ ಚಹಾಪುಡಿ 4 ಗ್ರಾಂ, ಬೆಣ್ಣೆ 20 ಗ್ರಾಂ, ಸಕ್ಕರೆ 28 ಗ್ರಾಂ. ಇದು ಬೆಳಗಿನ ಗಂಜಿಯ ಜೊತೆಗಲ್ಲ, ಗಂಜಿಯ ಬದಲಿಗೆ. ‘ಕೊಡಬಹುದು’ ಎಂದಷ್ಟೇ ಇದೆ, ‘ಕೊಡಬೇಕು’ ಎಂದಿಲ್ಲ.

ಗಂಡಹೆಂಡಿರ ನಿಯಮದಲ್ಲೂ ಕ್ರಿಯಾಪದವನ್ನೇ ಹಿಡಿಯಿರಿ. ಒಳಗೆ ಬಂದೊಡನೆ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. 1847ರ ಕಾಯಿದೆ: ಇಬ್ಬರೂ 60 ದಾಟಿದ್ದರೆ ಬೇರೆಯಿರುವಂತೆ ಒತ್ತಾಯಿಸುವಂತಿಲ್ಲ. 1876ರ ಕಾಯಿದೆ: ಒಬ್ಬರು 60 ದಾಟಿದ್ದರೂ, ಅಥವಾ ರೋಗಿಯೋ ಅಶಕ್ತರೋ ಆಗಿದ್ದರೂ, ಒಟ್ಟಿಗಿರಲು ಗಾರ್ಡಿಯನ್ನರು ಅನುಮತಿಸಬಹುದು. ಮೊದಲನೆಯದು ಹಕ್ಕು, ಎರಡನೆಯದು ಅವರ ಮರ್ಜಿ.

ಲೆಕ್ಕ ಹಾಕಿ ನೋಡಿ. ಗಂಡನಿಗೆ 66, ಹೆಂಡತಿಗೆ 57. 1850ರಲ್ಲಿ ಬಂದರೆ ಹಕ್ಕಿಲ್ಲ, ಅವಳಿಗೆ 60 ತುಂಬುವವರೆಗೆ ಕಾಯಬೇಕು. 1880ರಲ್ಲಿ ಬಂದರೆ ಕೇಳಿಕೊಳ್ಳಬಹುದು, ಕೊಡುವುದು ಬಿಡುವುದು ಮಂಡಳಿಗೆ ಸೇರಿದ್ದು. ಇಬ್ಬರಿಗೂ 60 ಆದಮೇಲೂ ಬೇರೊಂದು ತೊಡಕು: ಜೋಡಿಗಳಿಗೆಂದು ಕೋಣೆ ಕಟ್ಟಿಸಿದ ವರ್ಕ್‌ಹೌಸುಗಳು ಕಡಿಮೆ. ನಾಲ್ಕು ದಶಕ ಜೊತೆಯಲ್ಲಿ ಬಾಳಿದವರು ಅಂಗಳದ ಗೋಡೆಯ ಆಚೆ ಈಚೆ ಸವೆದರೆಂಬುದನ್ನು ಈ ‘ಬಹುದು’ಗಳ ನಡುವೆ ಮರೆಯಬಾರದು.

ಉಳಿದದ್ದು ಚುಟುಕಾಗಿ. ಕೆಲಸ: ಹಳೇ ಹಡಗಿನ ಹಗ್ಗ ಬಿಡಿಸಿ ನಾರು ತೆಗೆಯುವುದು. ಸಾವು: ವಾರಸುದಾರರಿಲ್ಲದ ಹೆಣವನ್ನು 1832ರ ಅಂಗರಚನಾ ಕಾಯಿದೆಯಂತೆ ಕೊಯ್ದು ಕಲಿಯಲು ವೈದ್ಯಕೀಯ ವಿದ್ಯಾಲಯಕ್ಕೆ ಕೊಡಬಹುದಿತ್ತು, ಮುದುಕರ ದೊಡ್ಡ ಭಯ ಇದೇ. ಸಡಿಲಿಕೆ: 1892ರಿಂದ ದುಡಿಯಲಾಗದವರಿಗೆ ಹೊಗೆಸೊಪ್ಪು, ನಶ್ಯ.

ಕೊನೆಯ ಅಂಕಿ 70. 1908ರ ಪಿಂಚಣಿ ಕಾಯಿದೆ, ಜಾರಿ 1909ರ ಜನವರಿ 1, ವಾರಕ್ಕೆ ಹೆಚ್ಚೆಂದರೆ 5 ಶಿಲಿಂಗ್, ಅಂಚೆ ಕಚೇರಿಯಲ್ಲಿ. ಆದರೆ 1908ರ ಆರಂಭದಿಂದ ಬಡವರ ಕಾಯಿದೆಯಡಿ ನೆರವು ಪಡೆದವರಿಗೆ (ಬರೀ ವೈದ್ಯಕೀಯ ನೆರವು ಬಿಟ್ಟು) 1910ರ ಕೊನೆಯವರೆಗೆ ಅದು ಇಲ್ಲ. ಹಾಗಾಗಿ ಪಿಂಚಣಿ ಬಂದಮೇಲೆ ವರ್ಕ್‌ಹೌಸಿನ ವೃದ್ಧರು ಕಡಿಮೆಯಾದರೇ ಎಂಬ ಪ್ರಶ್ನೆಗೆ 1909ರ ಅಂಕಿಯೊಂದೇ ಸಾಲದು, 1911ರದ್ದನ್ನೂ ಪಕ್ಕದಲ್ಲಿಟ್ಟು ನೋಡಬೇಕು.